ನೆರಳಿನೂರಿನ ಬೇಸಿಗೆ

ಮಾರ್ಚಿಯಲ್ಲಿ ಬೆಂಗಳೂರಿಗೆ ಬಂದವರು ತಲೆಯೆತ್ತಿ ನಡೆಯಬೇಕು. ಕೆಳಗೆ ಊರು ಎಂದಿನಂತೆ ಗಿಜಿಗುಡುತ್ತಿರುತ್ತದೆ: ಆಟೊ, ಬಸ್ಸು, ಅಗೆದು ಬಿಟ್ಟ ರಸ್ತೆ, ಸಿಗ್ನಲ್ಲಿನ ಉದ್ದ ಸಾಲು. ಮೇಲೆ ಮಾತ್ರ ಹೂಗಳ ಪಾಳಿ ನಡೆದಿರುತ್ತದೆ. ಗುಲಾಬಿ ಬಣ್ಣದ ಟಬೂಬಿಯಾ ಚಳಿಗಾಲದ ಕೊನೆಗೇ ಅರಳಿ ಜಾಗ ಬಿಟ್ಟುಕೊಟ್ಟಿರುತ್ತದೆ. ಅದರ ಹಳದಿ ತಂಗಿ ಮೈಮೇಲೆ ಒಂದೆಲೆಯನ್ನೂ ಉಳಿಸಿಕೊಳ್ಳದೆ ಬರೀ ಹೂವಾಗಿ ನಿಲ್ಲುತ್ತದೆ. ಅದು ಉದುರುವಷ್ಟರಲ್ಲಿ ಜಕರಂಡದ ನೀಲಿನೇರಳೆ. ಯುಗಾದಿಯ ಹೊತ್ತಿಗೆ ಹೊಂಗೆ ಚಿಗುರಿ, ಬಿಸಿಲು ಆ ಎಳೆಯ ಎಲೆಗಳನ್ನು ಹಾದು ಕೆಳಗಿಳಿಯುವಾಗ ತಾನೂ ಹಸಿರಾಗುತ್ತದೆ. ಕೆಲವೇ ವಾರಗಳಲ್ಲಿ ಹೊಂಗೆಯ ಹೂ ಫುಟ್‌ಪಾತಿನ ಮೇಲೆ ಅರಳು ಚೆಲ್ಲಿದಂತೆ ಹರಡಿಕೊಂಡು, ಮೇಲೆ ಜೇನಿನ ಗುಂಯ್‌ಗುಡುವಿಕೆ ಶುರುವಾಗುತ್ತದೆ. ಏಪ್ರಿಲ್ ನಡುವಿನಿಂದ ಗುಲ್‌ಮೊಹರಿನ ಕೆಂಪು. ಇದರ ಉದ್ದನೆಯ ಕಾಯಿಯನ್ನು ಕತ್ತಿ ಮಾಡಿಕೊಂಡು ಆಡುವ ಮಕ್ಕಳಿಗೆ ಇದು ಕತ್ತಿಕಾಯಿ ಮರ. ಅದರ ಜೊತೆಗೇ ಹೊಳೆದಾಸವಾಳದ ನೇರಳೆ, ಕಕ್ಕೆಯ ಹೊಂಬಣ್ಣ.

ಈ ಪಾಳಿ ತಾನಾಗಿ ಬಂದದ್ದಲ್ಲ. ಜಕರಂಡ ದಕ್ಷಿಣ ಅಮೆರಿಕದ ಮರ, ಗುಲ್‌ಮೊಹರ್ ಮಡಗಾಸ್ಕರಿನದು. ಜರ್ಮನಿಯ ತೋಟಗಾರ ಗುಸ್ತಾವ್ ಕ್ರುಂಬಿಗೆಲ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಒಂದು ರಸ್ತೆಯ ಹೂ ಮುಗಿಯುವಾಗ ಇನ್ನೊಂದು ರಸ್ತೆಯಲ್ಲಿ ಅರಳಬೇಕೆಂದು ಲೆಕ್ಕ ಹಾಕಿ ಸಾಲುಮರ ನೆಡಿಸಿದರು. ಈ ಊರಲ್ಲೇ ಬಾಳಿ 1956ರಲ್ಲಿ ಇಲ್ಲೇ ಮಣ್ಣಾದರು. ಬಡಾವಣೆಗಳು ಬೆಳೆದು ಊರು ಬೋಳಾಗತೊಡಗಿದ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಮತ್ತವರ ತಂಡ ಐದು ವರ್ಷಗಳಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟಿತು. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದ ನೆಲ ಊರಿಗೆ ಅರ್ಧ ತಂಪು ಕೊಟ್ಟಿತು, ಉಳಿದರ್ಧವನ್ನು ನೆಟ್ಟವರ ಕೈ ಕೊಟ್ಟಿತು. ಬೇಸಿಗೆಯಲ್ಲಿ ಬರುವ ಅತಿಥಿಗೆ ಈ ಊರು ಮೊದಲು ಬಡಿಸುವುದು ಆ ನೆರಳನ್ನೇ. ಅದಕ್ಕೆ ಟಿಕೆಟ್ಟಿಲ್ಲ.

ಆದರೆ ಹೊತ್ತು ನೋಡಿ ಹೊರಡಬೇಕು. ಫ್ಯಾನೇ ಬೇಡವೆನ್ನುತ್ತಿದ್ದ ಕಾಲ ಹೋಯಿತು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಆದರೂ ಬೆಳಗಿನ ಆರರಿಂದ ಒಂಬತ್ತು, ಸಂಜೆ ಐದರ ಮೇಲೆ, ಆಮೇಲೆ ರಾತ್ರಿ ಪೂರ್ತಿ, ಇವು ಇಂದಿಗೂ ಹಳೆಯ ಬೆಂಗಳೂರಿನ ಹೊತ್ತುಗಳೇ. ನಡು ಮಧ್ಯಾಹ್ನವನ್ನು ಬಿಸಿಲಿಗೇ ಬಿಟ್ಟುಕೊಟ್ಟರೆ ಉಳಿದದ್ದೆಲ್ಲ ನಿಮ್ಮದು.

ಬೆಳಗು ಲಾಲ್‌ಬಾಗಿಗೆ ಸೇರಬೇಕು. 1760ರಲ್ಲಿ ಹೈದರ್ ಅಲಿ ಹಾಕಿಸಿದ ತೋಟ ಈಗ 240 ಎಕರೆ. ಮೆಟ್ರೊದ ಹಸಿರು ಮಾರ್ಗ ಗೇಟಿನ ಬಳಿಗೇ ತಂದು ಇಳಿಸುತ್ತದೆ. ಒಳಗೆ ಹೋದವರು ಮೊದಲು ಬಂಡೆ ಹತ್ತುವುದು ಒಳ್ಳೆಯದು. ಭೂವಿಜ್ಞಾನಿಗಳು ಇದರ ವಯಸ್ಸನ್ನು ಸುಮಾರು 300 ಕೋಟಿ ವರ್ಷವೆನ್ನುತ್ತಾರೆ. ಇದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಆರೂವರೆಗೆ ಬಂಡೆ ಇನ್ನೂ ತಣ್ಣಗಿರುತ್ತದೆ, ಚಪ್ಪಲಿ ಬಿಟ್ಟು ನಿಂತರೆ ರಾತ್ರಿಯ ತಂಪು ಅಂಗಾಲಿಗೆ ಹತ್ತುತ್ತದೆ. ಕೆಳಗೆ ಗಾಜಿನ ಮನೆಯ ಸುತ್ತ ವಾಕಿಂಗಿನವರ ಮಾತುಕತೆ ಶುರುವಾಗಿರುತ್ತದೆ. ಈ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಆಚೆ ಬೂರುಗದ ಹಳೆಯ ಮರವೊಂದು ಆನೆಕಾಲಿನಂಥ ಬೇರುಗಳನ್ನು ಚಾಚಿ ಕೂತಿದೆ, ಕೆರೆಯ ಕಡೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ.

ಭಾನುವಾರವಾದರೆ ಕಬ್ಬನ್ ಪಾರ್ಕು. 1870ರ ಈ ಉದ್ಯಾನದೊಳಗೆ ಅಂದು ವಾಹನ ಬಿಡುವುದಿಲ್ಲ. ಮಿಕ್ಕ ದಿನ ಕಾರು ಹರಿಯುವ ರಸ್ತೆಯಲ್ಲಿ ಮಕ್ಕಳು ಸೈಕಲ್ ಕಲಿಯುತ್ತವೆ, ಬಿದಿರು ಮೆಳೆಯ ಹತ್ತಿರ ಯಾರೋ ಚಿತ್ರ ಬರೆಯುತ್ತಿರುತ್ತಾರೆ, ಅಟ್ಟಾರ ಕಚೇರಿಯ ಕೆಂಪು ಗೋಡೆಗೆ ಮಳೆಮರದ ನೆರಳು ಬಿದ್ದಿರುತ್ತದೆ. ಬಾಲಭವನದ ಪುಟಾಣಿ ರೈಲಿಗೆ ರಜೆಯ ದಿನಗಳಲ್ಲಿ ಸಾಲು ಉದ್ದ. ತಮ್ಮ ಬಾಲ್ಯದಲ್ಲಿ ಅದೇ ರೈಲು ಹತ್ತಿದ ಅಪ್ಪ ಅಮ್ಮಂದಿರು ಆ ಸಾಲಿನಲ್ಲಿ ಬೇಸರವಿಲ್ಲದೆ ನಿಲ್ಲುತ್ತಾರೆ.

ಬಿಸಿಲೇರಿದ ಮೇಲೆ ಸೂರು ಹುಡುಕಬೇಕು, ಅದಕ್ಕೂ ದೂರ ಹೋಗಬೇಕಿಲ್ಲ. ಪಾರ್ಕಿನ ಪಕ್ಕದ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ಇದೇ ಊರಿನ ಎಚ್‌ಎಎಲ್ ರೂಪಿಸಿದ ಮಾರುತ್ ಯುದ್ಧವಿಮಾನ ಅದರ ಅಂಗಳದಲ್ಲೇ ನಿಂತಿದೆ. 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಹೊಸ ಸಂಗ್ರಹಾಲಯವೂ ಅದೇ ರಸ್ತೆಯಲ್ಲಿದೆ. ಇನ್ನೊಂದು ದಿಕ್ಕಿಗೆ ಚೌಡಯ್ಯ ರಸ್ತೆಯ ಜವಾಹರಲಾಲ್ ನೆಹರು ತಾರಾಲಯ. ಬೇಸಿಗೆಯಲ್ಲಿ ಈ ಊರಿಗೆ ಬಂದವರು ನಡು ಮಧ್ಯಾಹ್ನ ಬಿಸಿಲಿಗಿಳಿಯಬೇಕಾದ ಒಂದೇ ಒಂದು ದಿನವಿದೆ, ಅದು ಏಪ್ರಿಲ್ 24ರ ಆಸುಪಾಸು ಬರುವ ಶೂನ್ಯ ನೆರಳಿನ ದಿನ. ಬೆಂಗಳೂರು ಸರಿಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯ ಉತ್ತರಕ್ಕೆ ಸರಿಯುತ್ತ ಅಂದು ನೇರ ನೆತ್ತಿಯ ಮೇಲೆ ಬರುತ್ತಾನೆ. 12 ಗಂಟೆ 17 ನಿಮಿಷದ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕುಗ್ಗಿ ಕುಗ್ಗಿ ಕೋಲಿನ ಬುಡಕ್ಕೇ ಸೇರಿಬಿಡುತ್ತದೆ. ಮಕ್ಕಳು ನೀರಿನ ಬಾಟಲಿ, ಸ್ಟೀಲ್ ಲೋಟ, ಪೆನ್ಸಿಲ್ ಏನು ಸಿಕ್ಕರೆ ಅದನ್ನು ನೆಲದ ಮೇಲೆ ನಿಲ್ಲಿಸಿ ನೆರಳನ್ನು ಹುಡುಕುತ್ತಾರೆ. ದೆಹಲಿಯ ಮಕ್ಕಳಿಗೆ ತಮ್ಮೂರಲ್ಲಿ ಎಂದೂ ಸಿಗದ ನೋಟ ಇದು, ಕರ್ಕಾಟಕ ವೃತ್ತದ ಉತ್ತರಕ್ಕಿರುವ ಊರುಗಳ ನೆತ್ತಿಗೆ ಸೂರ್ಯ ಬರುವುದೇ ಇಲ್ಲ.

ಬಾಯಾರಿಕೆಗೆ ಬೀದಿಯೇ ಉತ್ತರ ಕೊಡುತ್ತದೆ. ಎಳನೀರು, ಕಬ್ಬಿನ ಹಾಲು, ತಾಟಿನಿಂಗು, ಕಲ್ಲಂಗಡಿ. ಎಲ್ಲಕ್ಕೂ ಮೊದಲು ಮೂಗಿಗೆ ಸಿಕ್ಕುವುದು ಹಲಸಿನ ಗಾಡಿ. ಹಣ್ಣಿನವನು ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು ಮುಳ್ಳುಮೈಯನ್ನು ಉದ್ದಕ್ಕೆ ಸೀಳುತ್ತಾನೆ. ಬೆಳ್ಳಗೆ ಒಸರುವ ಸೋನೆಯನ್ನು ಕಾಗದದಿಂದ ಒರೆಸುತ್ತಾನೆ. ನಡುವಿನ ದಿಂಡನ್ನು ಒಂದೇ ಪಟ್ಟಿಗೆ ಕೊಯ್ದು ತೆಗೆದು, ಎರಡೂ ಕೈಯಿಂದ ಹೋಳನ್ನು ಹಿಂದಕ್ಕೆ ಮಗುಚುತ್ತಾನೆ. ತೊಳೆಗಳು ತಾವಾಗಿಯೇ ಎದ್ದು ನಿಲ್ಲುತ್ತವೆ. ಒಂದೊಂದನ್ನೇ ಬಿಡಿಸಿ, ಬೀಜ ತೆಗೆದು ಪಕ್ಕದ ಡಬ್ಬಿಗೆ ಹಾಕಿ, ಕೊಳ್ಳುವವರ ಕೈಗೆ ಮೊದಲು ಒಂದು ತೊಳೆ ರುಚಿಗೆ ಕೊಡುತ್ತಾನೆ. ತೂಕ ಆಮೇಲೆ. ದೊಡ್ಡಬಳ್ಳಾಪುರದ ಕಡೆಯ ತೂಬಗೆರೆ ಹಲಸಾದರೆ ಆ ಒಂದು ತೊಳೆಯೇ ವ್ಯಾಪಾರ ಮುಗಿಸುತ್ತದೆ.

ಬಿಸಿಲು ಇಳಿಯತೊಡಗಿದಾಗ ಕೋಟೆಯ ಕಡೆ ನಡೆಯಬೇಕು. ಕೆ.ಆರ್. ಮಾರುಕಟ್ಟೆಯ ಗದ್ದಲದಿಂದ ಕೂಗಳತೆಯಲ್ಲಿ ಟಿಪ್ಪುವಿನ ಬೇಸಿಗೆ ಅರಮನೆಯಿದೆ. ಹೈದರ್ ಆರಂಭಿಸಿದ ಕೆಲಸವನ್ನು ಟಿಪ್ಪು 1791ರಲ್ಲಿ ಪೂರೈಸಿದ. ಸಾಗುವಾನಿಯ ಕಂಬ, ಎತ್ತರದ ಕಮಾನು, ನಾಲ್ಕೂ ಕಡೆಯಿಂದ ಗಾಳಿಯಾಡುವ ಮೊಗಸಾಲೆ. ಸ್ವರ್ಗವೇ ಅಸೂಯೆಪಡುವ ಮನೆ ಎಂದು ಇಲ್ಲಿನ ಬರಹ ಹೇಳುತ್ತದೆ. ಮೇಲಂತಸ್ತಿನ ಉಪ್ಪರಿಗೆಯಲ್ಲಿ ಏಪ್ರಿಲ್ಲಿನ ಸಂಜೆ ನಾಲ್ಕಕ್ಕೆ ಕೈ ಚಾಚಿದರೆ ಗಾಳಿಯ ಹಾದಿ ಬೆರಳಿಗೆ ತಿಳಿಯುತ್ತದೆ. ಕರೆಂಟಿಲ್ಲದ ಕಾಲದವರು ಬೇಸಿಗೆಯನ್ನು ಎಷ್ಟು ಚೆನ್ನಾಗಿ ಓದಿಕೊಂಡಿದ್ದರೆಂಬುದು ಅಲ್ಲಿ ಅರ್ಥವಾಗುತ್ತದೆ.

ಅಲ್ಲಿಂದ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನ ನಡಿಗೆಯ ದೂರ. ರಾಮನವಮಿಯ ಆಸುಪಾಸಿನಲ್ಲಿ ಬಂದವರಿಗೆ ಅಲ್ಲಿ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ಕಾದಿರುತ್ತದೆ. 1939ರಲ್ಲಿ ಶುರುವಾದದ್ದು, ಕರ್ನಾಟಕ ಸಂಗೀತದ ದೊಡ್ಡ ಹೆಸರುಗಳೆಲ್ಲ ಹಾಡಿ ಹೋದ ವೇದಿಕೆ. ತಗಡಿನ ಚಪ್ಪರದಡಿ ಮಡಿಸುವ ಕುರ್ಚಿಗಳ ಸಾಲು, ತೊಡೆಯ ಮೇಲೆ ತಾಳ ಹಾಕುವ ಅಜ್ಜಂದಿರು, ನಡುನಡುವೆ ನಗರದ ಹಾರ್ನು. ರಾಗ ಬಿಡಿಸಿಕೊಳ್ಳುತ್ತ ಹೋದಂತೆ ಹಾರ್ನು ಕಿವಿಗೆ ಬೀಳುವುದೇ ನಿಲ್ಲುತ್ತದೆ. ನವಮಿಯ ದಿನವಂತೂ ಬೀದಿ ಬೀದಿಯಲ್ಲಿ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ಬೆಲ್ಲದ ನೀರಿಗೆ ಏಲಕ್ಕಿ, ಶುಂಠಿ, ಮೆಣಸು, ಒಂದಿಷ್ಟು ನಿಂಬೆರಸ. ಕೆಲವು ಕಡೆ ಕರಬೂಜದ್ದು, ಬೇಲದ ಹಣ್ಣಿನದು. ಲೋಟ ನೀಡುವವರು ನಿಮ್ಮ ಊರು, ಜಾತಿ, ಭಾಷೆ ಯಾವುದನ್ನೂ ಕೇಳುವುದಿಲ್ಲ. ‘ಇನ್ನೊಂದ್ ಸ್ವಲ್ಪ ತಗೊಳ್ಳಿ’ ಎನ್ನುತ್ತಾರೆ, ಅಷ್ಟೇ.

ನವಮಿ ಕಳೆದು ವಾರದೊಳಗೆ ಚೈತ್ರದ ಹುಣ್ಣಿಮೆ, ಪೇಟೆಯಲ್ಲಿ ಕರಗದ ರಾತ್ರಿ. ಬೆಂಗಳೂರಿನ ಬೇಸಿಗೆಯಲ್ಲಿ ಒಂದನ್ನು ಮಾತ್ರ ನೋಡಲು ಸಾಧ್ಯವಿರುವವರು ಇದನ್ನು ನೋಡಲಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯ ಮುಂದೆ ಸಂಜೆಯಿಂದಲೇ ಜನ. ಮಲ್ಲಿಗೆಯ ಘಮಲು, ಕರ್ಪೂರದ ಹೊಗೆ, ಕಡಲೆಪುರಿಯ ರಾಶಿ. ಮಧ್ಯರಾತ್ರಿ ದಾಟಿದ ಮೇಲೆ ಬರಿಮೈಯ ವೀರಕುಮಾರರು ಬಿಚ್ಚುಗತ್ತಿ ಹಿಡಿದು ‘ಗೋವಿಂದಾ, ಗೋವಿಂದಾ’ ಎನ್ನುತ್ತ ಹೊರಬರುತ್ತಾರೆ. ಅವರ ನಡುವೆ ಸೀರೆಯುಟ್ಟು, ಬಳೆ ತೊಟ್ಟು, ತಲೆಯ ಮೇಲೆ ಮಲ್ಲಿಗೆ ಮುಚ್ಚಿದ ಎತ್ತರದ ಕರಗ ಹೊತ್ತ ಪೂಜಾರಿ. ಕೈಯಿಂದ ಅದನ್ನು ಹಿಡಿಯುವಂತಿಲ್ಲ. ದ್ರೌಪದಿಯೇ ಊರು ನೋಡಲು ಬಂದಳೆಂದು ಜನ ಮಲ್ಲಿಗೆ ಎರಚುತ್ತಾರೆ. ಕರಗ ಪೇಟೆಯ ಗಲ್ಲಿಗಲ್ಲಿ ಸುತ್ತಿ, ಗುಡಿಗುಡಿಗೆ ಹೋಗಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಅಲ್ಲಿ ಪೂಜೆ ಸಲ್ಲಿಸಿಯೇ ಮುಂದೆ ಸಾಗುವುದು ವಾಡಿಕೆ. ಯಾರೂ ಭಾಷಣ ಮಾಡದೆ, ಯಾರೂ ಕಲಿಸದೆ ತಲೆಮಾರುಗಳಿಂದ ನಡೆದು ಬಂದ ಈ ಭೇಟಿಗಾಗಿಯೇ ಒಂದು ರಾತ್ರಿ ನಿದ್ದೆಗೆಡಬಹುದು.

ಮೇ ತಿಂಗಳು ಮಾವಿನದು. ಶ್ರೀನಿವಾಸಪುರ, ರಾಮನಗರದ ತೋಪುಗಳಿಂದ ಬೆಳೆಗಾರರೇ ಹಣ್ಣು ತಂದು ಮಾರುವ ಮೇಳ ಲಾಲ್‌ಬಾಗಿನಲ್ಲಿ ನಡೆಯುತ್ತದೆ. ಕಾರ್ಬೈಡ್ ಹಾಕದೆ ಹುಲ್ಲಿನಲ್ಲಿ ಮಾಗಿಸಿದ ಹಣ್ಣಿನ ವಾಸನೆ ಮಳಿಗೆಗಿಂತ ಮೊದಲೇ ಸಿಗುತ್ತದೆ. ಹೋಳು ಮಾಡಿ ತಿನ್ನಲು ಬಾದಾಮಿ, ಕೈಯಲ್ಲಿ ಹಿಚುಕಿ ತುದಿ ಕಚ್ಚಿ ಹೀರಲು ರಸಪುರಿ, ಕೆನ್ನೆ ಕೆಂಪಗಿನ ಸೇಂದೂರ, ತಡವಾಗಿ ಬಂದು ಎಲ್ಲರನ್ನೂ ಮೀರಿಸುವ ಮಲ್ಲಿಕಾ. ತೋತಾಪುರಿ ಮಾತ್ರ ಕಾಯಾಗಿಯೇ ಬೀದಿಗಿಳಿದು, ಸೀಳಿನಲ್ಲಿ ಉಪ್ಪುಖಾರ ತುಂಬಿಸಿಕೊಂಡು ಶಾಲೆಬಿಟ್ಟ ಮಕ್ಕಳ ಕೈಸೇರುತ್ತದೆ. ಯಾವ ಹಣ್ಣು ಇಂದಿಗೆ, ಯಾವುದು ನಾಳಿದ್ದಿಗೆ ಎಂದು ಬೆಳೆಗಾರನನ್ನೇ ಕೇಳಿ. ಬೆರಳಿನಿಂದ ತೊಟ್ಟಿನ ಬಳಿ ಒತ್ತಿ ನೋಡಿ ಹೇಳುತ್ತಾನೆ.

ಒಂದು ಬೆಳಗನ್ನು ಊರಾಚೆಗೆ ಎತ್ತಿಡುವುದಾದರೆ 60 ಕಿಲೋಮೀಟರ್ ದೂರದ ನಂದಿಬೆಟ್ಟವಿದೆ. 1,478 ಮೀಟರ್ ಎತ್ತರದಲ್ಲಿ ಏಪ್ರಿಲ್‌ನಲ್ಲೂ ಶಾಲು ಬೇಕೆನಿಸುತ್ತದೆ. ವಾರಾಂತ್ಯದ ಜಾತ್ರೆ ತಪ್ಪಿಸಿ ವಾರದ ನಡುವೆ ಹೋದವರಿಗೆ ಯೋಗನಂದೀಶ್ವರನ ಗುಡಿ ಪೂರಾ ದಕ್ಕುತ್ತದೆ.

ಇಷ್ಟರಲ್ಲಿ ಮಳೆ. ಅಶ್ವಿನಿ, ಭರಣಿ ಮಳೆಗಳು ಬೆಂಗಳೂರಿಗೆ ಹೆಚ್ಚಾಗಿ ಸಂಜೆಗೇ ಬರುತ್ತವೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಮಾತು ರೈತರದು. ನಗರದವರಿಗೂ ಅದು ಬದುಕಿಸುವ ಮಳೆಯೇ. ಗಾಳಿಗೆ ಧೂಳೆದ್ದು, ದಪ್ಪ ಹನಿ ಬಿದ್ದು, ಅರ್ಧ ಗಂಟೆಯಲ್ಲಿ ಇಡೀ ದಿನದ ಕಾವು ಇಳಿಯುತ್ತದೆ. ಆಗ ಗಾಂಧಿಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಹೋಟೆಲಿನ ಸೂರಿನಡಿ ನಿಂತು ಬಿಸಿ ಕಾಫಿ ಕುಡಿಯುವುದನ್ನು ಯಾವ ಪ್ರವಾಸದ ಪಟ್ಟಿಯೂ ಹೇಳುವುದಿಲ್ಲ. ಆದರೂ ಬಂದವರು ಮರೆಯದಿರುವುದು ಇದನ್ನೇ.

ಆದರೆ ಅದೇ ಮಳೆಗಾಳಿಗೆ ಪ್ರತಿ ವರ್ಷ ಹಳೆಯ ಮರಗಳು ಉರುಳುತ್ತವೆ. ಬೇರಿನ ಸುತ್ತ ಕಾಂಕ್ರೀಟು ಬಿಗಿದಲ್ಲಿ, ರಸ್ತೆಗಾಗಿ ಬೇರು ಕತ್ತರಿಸಿದಲ್ಲಿ ಅವು ಮೊದಲು ಬೀಳುತ್ತವೆ. ಉರುಳಿದ ಒಂದೊಂದು ಗುಲ್‌ಮೊಹರಿನ ಜೊತೆಗೂ ಮುಂದಿನ ಮೇ ತಿಂಗಳ ಒಂದು ರಸ್ತೆ ನೆರಳು ಕಳೆದುಕೊಳ್ಳುತ್ತದೆ. ನಾವು ಅತಿಥಿಗಳನ್ನು ಕರೆದು ಹೆಮ್ಮೆಯಿಂದ ತೋರಿಸುವ ತಂಪು ಇನ್ಯಾರೋ ನೆಟ್ಟು, ನೀರೆರೆದು, ತಾವು ನೋಡದ ಕಾಲಕ್ಕೆ ಬಿಟ್ಟುಹೋದದ್ದು. ಸಸಿ ನೆಡುವ ಹೊತ್ತು ಜೂನ್‌ನಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಈ ನೆರಳುಂಡ ಊರವರು ಅಂದು ತಮ್ಮ ಬೀದಿಯ ಖಾಲಿ ಗುಣಿಗೊಂದು ಹೊಂಗೆಯನ್ನೋ ಕಕ್ಕೆಯನ್ನೋ ಇಟ್ಟು, ಎರಡು ಬೇಸಿಗೆ ನೀರು ಹಾಕಲಿ. ಇನ್ನಿಪ್ಪತ್ತು ವರ್ಷದ ಮೇಲೂ ಮಾರ್ಚಿಯಲ್ಲಿ ಬೆಂಗಳೂರಿಗೆ ಬನ್ನಿ ಎಂದು ಧೈರ್ಯವಾಗಿ ಕರೆಯಬೇಕಾದರೆ ಈ ಕೆಲಸ ಆಗಲೇಬೇಕು.