ಒಂದೂವರೆ ತಾಸಿನ ಜೆಟ್ ಲ್ಯಾಗ್, ಎರಡು ರಾತ್ರಿಯ ನಿದ್ದೆ ಸಾಲ



ಹೋದ ಚಳಿಗಾಲ ದೊಡ್ಡಪ್ಪನ ಮಗನ್ನ ನೋಡಾಕ ದುಬೈಗೆ ಹೋಗಿದ್ದೆ. ಗೋಕಾಕದಿಂದ ರಾತ್ರಿ ಬಸ್ಸು, ಬೆಂಗಳೂರಿನಿಂದ ಸುಮಾರು ನಾಲ್ಕು ತಾಸಿನ ವಿಮಾನ. ಮೊದಲ ದಿನವೇ ರಾತ್ರಿ ಎಂಟೂವರೆಗೆ ತಾಟಿನ ಮುಂದೆ ತೂಕಡಿಸಿದೆ. ನಸುಕಿನ ಮೂರೂವರೆಗೆ ಎಚ್ಚರ. "ಜೆಟ್ ಲ್ಯಾಗ್ ಆಗೇತಿ" ಅಂದೆ. ಅಣ್ಣ ನಕ್ಕ: "ಒಂದೂವರೆ ತಾಸಿಗೆ ಎಂಥಾ ಜೆಟ್ ಲ್ಯಾಗೋ ತಮ್ಮಾ?"

ಇಬ್ಬರದೂ ಅರ್ಧ ಖರೆ. ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಅಲ್ಲಿ ಮೂರೂವರೆ ಅಂದ್ರೆ ಊರಲ್ಲಿ ಐದು, ನಾನು ದಿನಾ ಏಳೋ ಹೊತ್ತು. ಮೈಯೊಳಗಿನ ಗಡಿಯಾರ ಇನ್ನೂ ಮೂಡಲಗಿಯಲ್ಲೇ ಇತ್ತು. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೀತದೆ ಅಂತ ತೋರಿಸಿದ ಹಾಲ್, ರೋಸ್‌ಬಾಶ್, ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಸಿಕ್ಕಿತು. ಬಹಳ ಮಂದಿಯಲ್ಲಿ ಅದು 24 ತಾಸಿಗಿಂತ ಚೂರು ನಿಧಾನ. ಅದಕ್ಕೇ ಪಶ್ಚಿಮಕ್ಕೆ ಹೋದಾಗ ಹೊಂದಿಕೊಳ್ಳೋದು ಸಲೀಸು. ದುಬೈಗಾದ್ರೆ ಒಂದೆರಡು ದಿನ ಸಾಕು.

ಮತ್ತೆ ಆ ಪರಿ ಸುಸ್ತು ಯಾಕೆ? ಬಿ.ಕಾಂ ಓದಿದವನು, ಲೆಕ್ಕ ಹಾಕಿದೆ. ಬಸ್ಸಿನಲ್ಲಿ ಮೂರು ತಾಸು ನಿದ್ದೆ, ಮರುದಿನ ರಾತ್ರಿ ಏರ್‌ಪೋರ್ಟಿನಲ್ಲಿ ಸೊನ್ನೆ. ಇದು ಜೆಟ್ ಲ್ಯಾಗ್ ಅಲ್ಲ, ನಿದ್ದೆಯ ಸಾಲ. ರಾತ್ರಿ ಕರೆಂಟ್ ಬಂದಾಗ ಎದ್ದು ಕಬ್ಬಿಗೆ ನೀರು ಬಿಡೋ ನಮ್ಮ ರೈತರಿಗೆ ಈ ಸಾಲ ಚಲೋ ಗೊತ್ತು.

ಎರಡಕ್ಕೂ ಮದ್ದು ಬೇರೆ. ಸಾಲಕ್ಕೆ ನಿದ್ದೆಯೇ ಬೇಕು: ಮಧ್ಯಾಹ್ನ ಅಲಾರಾಂ ಇಟ್ಟು ಇಪ್ಪತ್ತು ನಿಮಿಷ, ರಾತ್ರಿ ಪೂರ್ತಿ. ಗಡಿಯಾರ ಸರಿಸೋದು ಬೆಳಕು. ಸಂಜೆ ಬೆಳಕಿನಲ್ಲಿ ಅಡ್ಡಾಡ್ರಿ, ಅಲ್ಲಿನ ಹತ್ತು ಗಂಟೆವರೆಗೆ ಎಚ್ಚರ ಇರ್ರಿ. ನಸುಕಿಗೆ ಎಚ್ಚರಾದ್ರೆ ದೀಪ ಹಾಕಬ್ಯಾಡ್ರಿ, ಮೊಬೈಲ್ ಮುಟ್ಟಬ್ಯಾಡ್ರಿ. ಚಹಾ ಮಧ್ಯಾಹ್ನಕ್ಕೇ ಮುಗಿಸ್ರಿ. ಕುಡಿದ ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ತಾಸು ಬೇಕು. ಊರಿಗೆ ಬಂದ ಮೇಲೆ ಉಲ್ಟಾ: ಬೆಳಿಗ್ಗೆ ಬಿಸಿಲಿಗೆ ನಿಲ್ರಿ.

ನಾನು ತಪ್ಪಿದ್ದು ವಾಪಸ್ ಬಂದಾಗ. ಮತ್ತೆ ಎರಡು ರಾತ್ರಿ ನಿದ್ದೆ ಇಲ್ಲ. ನಸುಕಿಗೆ ಗೋಕಾಕ ಬಸ್ ಸ್ಟ್ಯಾಂಡಿಗೆ ತಮ್ಮ ಬೈಕ್ ತಂದಿದ್ದ. "ನಾನೇ ಹೊಡೀತೀನಿ" ಅಂದೆ. ಮೂಡಲಗಿ ರಸ್ತೆಯಲ್ಲಿ ಒಂದು ಕ್ಷಣ ಕಣ್ಣು ಮುಚ್ಚಿತು. ತಮ್ಮ ಹೆಗಲು ಹಿಡಿದು ಚೀರಿದಾಗ ಮುಂದೆ ಕಬ್ಬಿನ ಟ್ರೇಲರ್, ಹಿಂದೆ ಲೈಟೇ ಇಲ್ಲ. ಒಂದು ಮಾರು ಉಳಿದಿತ್ತು, ಬ್ರೇಕ್ ಹಿಡೀತು.

ಅದಕ್ಕೇ ಹೇಳ್ತೀನಿ, ಟಿಕೆಟ್ ಬುಕ್ ಮಾಡುವಾಗಲೇ ಕೊನೆಯ ಇಪ್ಪತ್ತು–ಮೂವತ್ತು ಕಿಲೋಮೀಟರ್ ಗಾಡಿ ಹೊಡಿಯೋರು ಯಾರು ಅನ್ನೋದನ್ನೂ ನಿಕ್ಕಿ ಮಾಡ್ರಿ. ನೀವು ಮಾತ್ರ ಆಗಬಾರದು. ಮುಂದಿನ ವಾರ ಸಿಗೋಣ್ರಿ.