ಎಫ್ ಒತ್ತಿದರೆ ಒತ್ತಕ್ಷರ

ಚಾಮರಾಜಪೇಟೆಯ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪಾಗುವುದನ್ನು ಐದು ನಿಮಿಷ ನಿಂತು ನೋಡಿ. ಎಡಗೈ ತೋರುಬೆರಳು ಎಫ್ ಕೀಗೆ ಬಿಡುವೇ ಕೊಡುವುದಿಲ್ಲ. ಎ, ಎಮ್, ಎಫ್, ಎಮ್ ಒತ್ತಿದರೆ ಪರದೆಯ ಮೇಲೆ ‘ಅಮ್ಮ’. ಒತ್ತಕ್ಷರಗಳಿಗೆಂದು ಬೇರೆ ಕೀಗಳಿಲ್ಲ, ಎಫ್ ಎಂಬ ಒಂದೇ ಕೊಂಡಿ. ಕೆ.ಪಿ. ರಾವ್ ಅವರು ರೂಪಿಸಿದ ಈ ಕೀಲಿಮಣೆ ವಿನ್ಯಾಸವನ್ನು ‘ನುಡಿ’ ತಂತ್ರಾಂಶದ ಮೂಲಕ ಊರೂರಿಗೆ ಮುಟ್ಟಿಸಿದ ಕನ್ನಡ ಗಣಕ ಪರಿಷತ್ತು ಇದೇ ಚಾಮರಾಜಪೇಟೆಯದು.

ಮಕ್ಕಳ ತಂತ್ರಾಂಶದ ಮಾತಿಗೆ ಲಗ್ನಪತ್ರಿಕೆ ಯಾಕೆ ಬಂತು ಎನ್ನಬಹುದು. ‘ಮಕ್ಕಳಿಗೆ ಸರಳವಾಗಿರಬೇಕು’ ಎನ್ನುವವರು ಸಾಮಾನ್ಯವಾಗಿ ಬಟನ್ ಎಷ್ಟಿವೆ ಎಂದು ಎಣಿಸುತ್ತಾರೆ. ಸರಳತೆ ಇರುವುದು ಅಲ್ಲಲ್ಲ. ಮೊಬೈಲಿನಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಹೊಡೆದು ಕನ್ನಡ ಪಡೆಯುವುದು ನಮಗೆಲ್ಲ ಸಲೀಸು. ಸರ್ಕಾರಿ ಶಾಲೆಯ ಒಂದನೇ ತರಗತಿಯ ಮಗುವಿಗೆ? ಅಮ್ಮ ಎಂದು ಬರೆಯಲು ಅದು ಮೊದಲು ಇಂಗ್ಲಿಷ್ ಕಾಗುಣಿತ ಕಲಿಯಬೇಕು. ರಾವ್ ವಿನ್ಯಾಸವೂ ಇಂಗ್ಲಿಷ್ ಕೀಗಳ ಮೇಲೆಯೇ ಕೂತಿದೆ, ಸುಳ್ಳು ಯಾಕೆ ಹೇಳಲಿ. ಆದರೆ ‘ಮ’ಕಾರಕ್ಕೆ ‘ಮ’ಕಾರ ಕೂಡಿಸುವ ಅದರ ಲೆಕ್ಕ ಮೇಷ್ಟ್ರು ಬೋರ್ಡಿನ ಮೇಲೆ ಬಿಡಿಸುವ ಲೆಕ್ಕವೇ.

ಕನ್ನಡ ಅಕ್ಷರಮಾಲೆಯ ಆ್ಯಪ್‌ಗಳನ್ನು ಹುಡುಕಿದರೆ ರಾಶಿ ಸಿಗುತ್ತವೆ. ಆನೆ ಘೀಳಿಡುತ್ತದೆ, ನಕ್ಷತ್ರ ಉದುರುತ್ತದೆ, ನಡುವೆ ಜಾಹೀರಾತು. ಪಾಠ ಮಾತ್ರ ಅದೇ ಅಜ್ಜನ ಕಾಲದ್ದು: ‘ಅ’ದಿಂದ ಹೊರಟು ‘ಋ’ ದಾಟಿ, ‘ಙ’ ‘ಞ’ಗಳ ಮುಂದೆ ಮಗು ತಬ್ಬಿಬ್ಬಾಗುವವರೆಗೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಬೋಧನಾ ಪದ್ಧತಿ ಈ ಸಾಲನ್ನೇ ಮುರಿಯಿತು. ಅಲ್ಲಿ ಮೊದಲ ಅಕ್ಷರಗಳು ರ, ಗ, ಸ, ದ, ಅ. ಈ ಐದರಲ್ಲಿ ಎಷ್ಟು ಪದ ಹುಟ್ಟುತ್ತವೆ ನೋಡಿ: ಸರ, ರಸ, ದರ, ಅರಸ, ಅಗಸ, ಗರಗಸ. ದೀರ್ಘ ಬೇಡ, ಕೊಂಬು ಬೇಡ, ಒತ್ತು ಬೇಡ. ವರ್ಣಮಾಲೆ ಮುಗಿಯುವವರೆಗೆ ಕಾಯದೆ ಮಗು ಅರ್ಥವಿರುವ ಪದ ಓದಿಬಿಡುತ್ತದೆ. ರಟ್ಟಿನ ಕಾರ್ಡುಗಳಲ್ಲಿ ನಡೆದ ಈ ಕೆಲಸದ ಮುಂದೆ ಆನೆಯ ಘೀಳು ಬರೀ ಗದ್ದಲ.

ಹಾಗೆಂದು ಹೆಚ್ಚುವರಿ ಸೌಲಭ್ಯಗಳೆಲ್ಲ ಕೆಟ್ಟವೆಂದಲ್ಲ. ಬಿಲ್ ಕೆಂಡ್ರಿಕ್ 2002ರಲ್ಲಿ ಶುರುಮಾಡಿದ, ಕನ್ನಡದಲ್ಲೂ ಇರುವ ಉಚಿತ ಚಿತ್ರರಚನೆ ತಂತ್ರಾಂಶ ಟಕ್ಸ್ ಪೇಂಟ್ ನೋಡಿ. ಮಗು ಚಿತ್ರ ಉಳಿಸಲು ಹೋದರೆ ಫೈಲಿಗೆ ಹೆಸರು ಕೊಡು, ಯಾವ ಫೋಲ್ಡರಿಗೆ ಹಾಕಲಿ ಎಂದು ಅದು ಪೀಡಿಸುವುದಿಲ್ಲ. ಮತ್ತೆ ತೆರೆಯುವಾಗ ಚಿತ್ರಗಳನ್ನೇ ತೋರಿಸುತ್ತದೆ, ಮುಟ್ಟಿದರಾಯಿತು. ದೊಡ್ಡವರ ಹೊಂದಾಣಿಕೆಗಳೆಲ್ಲ ಬೇರೆಯೇ ಒಂದು ಪ್ರೋಗ್ರಾಮಿನಲ್ಲಿವೆ. ಮಕ್ಕಳಿರುವ ಮನೆಯಲ್ಲಿ ಈಳಿಗೆಮಣೆಯನ್ನು ಎತ್ತರದಲ್ಲಿಡುವ ಹಾಗೆ. ಒಂದು ಸಲ ಪ್ರಿಂಟ್ ಕೊಟ್ಟ ಮೇಲೆ ಇನ್ನೊಂದಕ್ಕೆ ಇಷ್ಟು ಸೆಕೆಂಡು ಕಾಯಬೇಕು ಎಂಬ ನಿಯಮವನ್ನೂ ಅಲ್ಲಿ ಹಾಕಬಹುದು. ಕಾಗದದ ಖರ್ಚು ಬಲ್ಲ ಶಾಲೆಗೆ ಇದು ಚಿನ್ನದಂಥ ಸೌಲಭ್ಯ, ಮಗುವಿನ ಕಣ್ಣಿಗೆ ಬೀಳುವುದೇ ಇಲ್ಲ.

ಆದರೆ ಆ ಎತ್ತರಕ್ಕೆ ಕೈಚಾಚುವವರು ಯಾರು? ಬಸವನಗುಡಿಯ ಪಕ್ಕದ ಜಯನಗರದಲ್ಲಿರುವ ಐಟಿ ಫಾರ್ ಚೇಂಜ್ ಸಂಸ್ಥೆ ವರ್ಷಗಟ್ಟಲೆ ಸರ್ಕಾರಿ ಶಾಲಾ ಶಿಕ್ಷಕರ ಜೊತೆ ಗಣಿತದ ಜಿಯೋಜೆಬ್ರಾದಂಥ ಉಚಿತ ತಂತ್ರಾಂಶಗಳ ಮೇಲೆ ಕೆಲಸ ಮಾಡಿದೆ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕೇರಳ ಸರ್ಕಾರ ಐಸಿಟಿ (ಮಾಹಿತಿ ತಂತ್ರಜ್ಞಾನ) ಪಠ್ಯಪುಸ್ತಕವನ್ನೇ ಕನ್ನಡದಲ್ಲಿ ಕೊಟ್ಟಿದೆ. ಎರಡೂ ಕಡೆ ತಂತ್ರಾಂಶದಷ್ಟೇ ಅದನ್ನು ಬಳಸುವವರ ಕಡೆಗೂ ಗಮನ ಹರಿದಿದೆ. ನನಗೆ ಇದೇ ಸರಿಯೆನಿಸುತ್ತದೆ.

ಶಿಕ್ಷಕರೇ ಇಲ್ಲದಿದ್ದರೆ? ಗ್ಲೋಬಲ್ ಲರ್ನಿಂಗ್ ಎಕ್ಸ್‌ಪ್ರೈಜ್ ಸ್ಪರ್ಧೆ ಅದನ್ನೂ ನೋಡಿತು. ತಾಂಜಾನಿಯಾದ ಹಳ್ಳಿ ಮಕ್ಕಳ ಕೈಗೆ ಸ್ವಾಹಿಲಿ ಪಾಠಗಳ ಟ್ಯಾಬ್ಲೆಟ್ ಕೊಟ್ಟು 15 ತಿಂಗಳು ಬಿಟ್ಟರು. ಕೊನೆಯ ಸುತ್ತಿನ ಐದು ತಂಡಗಳಲ್ಲಿ ನಮ್ಮ ಬೆಂಗಳೂರಿನ ಚಿಂಪಲ್ ಕೂಡ ಒಂದು. 2019ರಲ್ಲಿ ಬಹುಮಾನ ಇಬ್ಬರಿಗೆ ಹಂಚಿಹೋಯಿತು. ಒಂದು, ದನಿಯೊಂದು ಮಗುವನ್ನು ಪಾಠದಿಂದ ಪಾಠಕ್ಕೆ ಕೈಹಿಡಿದು ನಡೆಸುವ ಒನ್‌ಬಿಲಿಯನ್. ಇನ್ನೊಂದು, ಆಟಗಳೇ ತುಂಬಿದ ಕಿಟ್‌ಕಿಟ್ ಸ್ಕೂಲ್. ಅಲ್ಲೂ ಒಂದೇ ದಾರಿ ಗೆಲ್ಲಲಿಲ್ಲ.

ಮಲ್ಲೇಶ್ವರದ ಅಪ್ಪ-ಅಮ್ಮಂದಿರಿಗೆ ಮಾರುವ ಆ್ಯಪ್‌ಗಳ ಕತೆಯೇ ಬೇರೆ. ವಾರದ ವರದಿ, ನಾಣ್ಯ, ಪದಕ, ಬಿಡದೆ ಆಡಿದ ದಿನಗಳ ಲೆಕ್ಕ. ಇವುಗಳಲ್ಲಿ ಬಹುಪಾಲು ಮಗುವಿಗಲ್ಲ, ದುಡ್ಡು ಕಟ್ಟುವವರಿಗೆ. ಕನ್ನಡ ಶಾಲೆಯ ಮಗುವಿನ ಪರವಾಗಿ ದುಡ್ಡು ಕಟ್ಟುವವರಿಲ್ಲ. ಹಾಗಾಗಿ ಅದಕ್ಕೆ ನಿಜಕ್ಕೂ ಬೇಕಾದ ಸೌಲಭ್ಯವನ್ನು ಬರೆಯುವವರೂ ಕಡಿಮೆ.

ಬೇಕಾದದ್ದು ದೊಡ್ಡದೇನಲ್ಲ. ಅಕ್ಷರಗಳ ಸಾಲನ್ನು ಶಿಕ್ಷಕಿ ತಾನೇ ಆರಿಸುವಂತಿರಲಿ, ವರ್ಣಮಾಲೆಯೋ ನಲಿ-ಕಲಿಯೋ. ಅಕ್ಕ, ಅಪ್ಪ, ಅಮ್ಮ ಗಟ್ಟಿಯಾಗುವವರೆಗೆ ‘ಪುಸ್ತಕ’, ‘ಶಾಸ್ತ್ರ’ ತಡೆದಿಡುವಂತಿರಲಿ. ಆಮೇಲೆ ‘ಸೂರ್ಯ’. ಅಲ್ಲಿ ಬಾಯಿಗೆ ಮೊದಲು ಬರುವ ರಕಾರ ಬರಹದಲ್ಲಿ ‘ಯ’ದ ಬಲಕ್ಕೆ ಹೋಗಿ ಅರ್ಕಾವತ್ತಾಗಿ ನಿಲ್ಲುತ್ತದೆ. ಅನಿಮೇಶನ್ ತಿಳಿದವರು ಆನೆಯನ್ನು ಬಿಟ್ಟು, ಆ ರಕಾರ ಎದ್ದು ನಡೆದು ಆಚೆ ಬದಿಗೆ ಹೋಗುವುದನ್ನು ಒಮ್ಮೆ ತೋರಿಸಲಿ.