ಸಾರ್ಡಿನಿಯಾದ ಸಿಪಾಯಿ, ಗ್ರಾಂಶಿಯ ಯಾಜಮಾನ್ಯ

ಆಂಟೋನಿಯೊ ಗ್ರಾಂಶಿ ಎಂದರೆ ಜೈಲು, ಜೈಲು ಎಂದರೆ ನೋಟ್‌ಬುಕ್ಕುಗಳು. ಈ ಇಟಲಿಯ ಮಾರ್ಕ್ಸ್‌ವಾದಿಯ ಬಗ್ಗೆ ಹೀಗೊಂದು ಕತೆ ಗಟ್ಟಿಯಾಗಿ ಕೂತುಬಿಟ್ಟಿದೆ. ಆಳುವವರು ಬರೀ ಬಂದೂಕಿನಿಂದ ಆಳುವುದಿಲ್ಲ, ಆಳಿಸಿಕೊಳ್ಳುವವರ ಒಪ್ಪಿಗೆಯನ್ನೂ ಗಳಿಸಿಕೊಂಡಿರುತ್ತಾರೆ ಎಂಬ ಯಾಜಮಾನ್ಯದ ವಿಚಾರ ಮುಸೊಲಿನಿಯ ಸೆರೆಮನೆಯಲ್ಲಿ ಹುಟ್ಟಿತು ಎಂದೇ ಬಹಳ ಮಂದಿ ನಂಬಿದ್ದಾರೆ. ಅದು ಅಲ್ಲಿ ಬಲಿಯಿತು, ನಿಜ. ಆದರೆ ಬೇರು ಇರುವುದು ಸಾರ್ಡಿನಿಯಾದ ಬಡತನಕ್ಕೂ ತೂರಿನ್ ನಗರದ ಕಾರ್ಖಾನೆಗಳಿಗೂ ನಡುವಿದ್ದ ಅಂತರದಲ್ಲಿ.

1891ರಲ್ಲಿ ಆ ದ್ವೀಪದ ಆಲೆಸ್‌ನಲ್ಲಿ ಹುಟ್ಟಿದ ಗ್ರಾಂಶಿ, ಅಪ್ಪ ಜೈಲು ಸೇರಿದ್ದರಿಂದ ಹುಡುಗನಾಗಿದ್ದಾಗಲೇ ಕಚೇರಿಯೊಂದರಲ್ಲಿ ಭಾರದ ದಫ್ತರುಗಳನ್ನು ಹೊತ್ತವನು. 1911ರಲ್ಲಿ ತಿಂಗಳಿಗೆ 70 ಲಿರಾ ವಿದ್ಯಾರ್ಥಿವೇತನ ನೆಚ್ಚಿಕೊಂಡು ತೂರಿನ್‌ಗೆ ಓದಲು ಬಂದ. 1919ರಲ್ಲಿ ಅಲ್ಲಿನ ಕಾರ್ಮಿಕರನ್ನು ಹದ್ದುಬಸ್ತಿನಲ್ಲಿಡಲು ಸರ್ಕಾರ ಕರೆಸಿದ್ದು ಸಾಸ್ಸಾರಿ ಬ್ರಿಗೇಡನ್ನು, ಅಂದರೆ ಅವನದೇ ದ್ವೀಪದ ರೈತರ ಮಕ್ಕಳನ್ನು. ಅವರಲ್ಲೊಬ್ಬ ಸಿಪಾಯಿಯನ್ನು ಸಾಸ್ಸಾರಿ ಮೂಲದ ಚರ್ಮ ಹದಮಾಡುವ ಕೆಲಸಗಾರನೊಬ್ಬ ಮಾತಿಗೆಳೆದ ಸಂಗತಿಯನ್ನು ಗ್ರಾಂಶಿ ಮುಂದೆ ದಾಖಲಿಸಿದ. ಮುಷ್ಕರ ಹೂಡಿರುವ ಧಣಿಗಳಿಗೆ ಗುಂಡು ಹೊಡೆಯಲು ಬಂದಿದ್ದೇವೆ ಎಂದ ಸಿಪಾಯಿ. ಅವರು ಧಣಿಗಳಲ್ಲ, ಕೂಲಿಗಳು ಎಂದರೆ ಅವನು ಒಪ್ಪಲಿಲ್ಲ. ಕಾಲರು, ಟೈ ಹಾಕುತ್ತಾರೆ, ದಿನಕ್ಕೆ 30 ಲಿರಾ ಎಣಿಸುತ್ತಾರೆ. ಬಡವರೆಂದರೆ ಊರಲ್ಲಿ ನೆಲ ಅಗೆದು ಒಂದೂವರೆ ಲಿರಾ ಪಡೆಯುವ ನಾವು ಎಂಬುದು ಅವನ ವಾದ.

ಇವನನ್ನು ದಡ್ಡ ಎಂದು ತಳ್ಳಿಹಾಕುವಂತಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಆ ಸರಿಯಾದ ಲೆಕ್ಕವೇ ಅವನನ್ನು ಆಳುವವರ ಪಕ್ಕ ನಿಲ್ಲಿಸಿತ್ತು. ಒಪ್ಪಿಗೆ ಎಂಬುದು ಮೇಲಿನವರು ತುಂಬಿದ ಸುಳ್ಳಷ್ಟೇ ಆಗಿದ್ದರೆ ಒಂದು ಕರಪತ್ರ ಹಂಚಿ ಅದನ್ನು ಅಳಿಸಬಹುದಿತ್ತು. ಆದರೆ ತೂರಿನ್‌ನ ಸಮಾಜವಾದಿಗಳು ಸಿಪಾಯಿಗಳ ನಡುವೆ ಓಡಾಡಿ, ಕೂತು ಮಾತಾಡಬೇಕಾಯಿತು. ಜುಲೈ ತಿಂಗಳ ಸಾರ್ವತ್ರಿಕ ಮುಷ್ಕರಕ್ಕೆ ಕೆಲವೇ ದಿನ ಮುಂಚೆ ಆ ದಳವನ್ನೇ ಊರಿನಿಂದ ಸಾಗಿಸಲಾಯಿತು.

ಯಾಜಮಾನ್ಯದ ಈ ವಿಚಾರ ರಷ್ಯಾದಿಂದ ಬಂದದ್ದಲ್ಲವೇ ಎಂದು ಕೇಳಬಹುದು. ಹೌದು, ರೈತರನ್ನು ಕಾರ್ಮಿಕರು ಮುನ್ನಡೆಸಬೇಕೆಂಬ ಅರ್ಥದಲ್ಲಿ ರಷ್ಯಾದ ಕ್ರಾಂತಿಕಾರರು ಅದನ್ನು ಬಳಸುತ್ತಿದ್ದರು. 1922ರಲ್ಲಿ ಮಾಸ್ಕೊಗೆ ಹೋದ ಗ್ರಾಂಶಿಗೆ ಅದು ಪರಿಚಿತವೇ. ಆದರೆ ಕ್ರಾಂತಿಯ ಮಿತ್ರರನ್ನು ಕೂಡಿಸುವುದು ಹೇಗೆಂಬುದು ಅವರ ಪ್ರಶ್ನೆ. ಶತ್ರು ಆ ಮಿತ್ರರನ್ನು ಇಷ್ಟು ದಿನ ತನ್ನ ಕಡೆ ಇಟ್ಟುಕೊಂಡಿದ್ದು ಹೇಗೆಂಬುದು ಇವನದು. ಬಂಧನಕ್ಕೆ ಮುಂಚೆ, 1926ರಲ್ಲಿ, ದಕ್ಷಿಣ ಇಟಲಿಯ ಬಗ್ಗೆ ಬರೆಯುತ್ತಿದ್ದ ಪ್ರಬಂಧದಲ್ಲಿ ಉತ್ತರ ರೂಪುಗೊಳ್ಳುತ್ತದೆ: ಹಳ್ಳಿಯ ಪಾದ್ರಿ, ವಕೀಲ, ಗುಮಾಸ್ತ ರೈತನನ್ನು ಜಮೀನ್ದಾರನಿಗೆ ಕಟ್ಟಿಹಾಕುತ್ತಾರೆ, ಎಲ್ಲರ ಮೇಲೆ ಬೆನೆಡೆಟ್ಟೊ ಕ್ರೋಚೆಯಂಥ ದಾರ್ಶನಿಕ ಕೂತಿದ್ದಾನೆ. ಸಿಪಾಯಿಯ ಸಂಗತಿ ಬರುವುದೂ ಇದರಲ್ಲೇ. ನವೆಂಬರ್ 8ರಂದು ಪೊಲೀಸರು ಬಂದರು, ಪ್ರಬಂಧ ಅರ್ಧಕ್ಕೆ ನಿಂತಿತು.

ಶಾಲೆ, ಪತ್ರಿಕೆ, ಜನಪ್ರಿಯ ಕಾದಂಬರಿಗಳವರೆಗೆ ಹರಡುವ ಹರವು 1926ರ ಬರಹಕ್ಕಿಲ್ಲ ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಆ ಹರವು ಸೆರೆಮನೆಯ ಓದಿನ ಫಲ. ಪುಸ್ತಕಗಳಿಗಾಗಿ ಮಿಲಾನ್‌ನ ಅಂಗಡಿಯಲ್ಲಿ ಖಾತೆ ತೆರೆದುಕೊಟ್ಟ ಅರ್ಥಶಾಸ್ತ್ರಜ್ಞ ಪಿಯೆರೊ ಸ್ರಾಫಾನ ಋಣವೂ ಅದರಲ್ಲಿದೆ. ಆದರೂ 1929ರ ಫೆಬ್ರುವರಿ 8ರಂದು ತೂರಿ ಎಂಬ ಊರಿನ ಜೈಲಿನಲ್ಲಿ ಮೊದಲ ನೋಟ್‌ಬುಕ್ ತೆರೆದು ಬರೆದುಕೊಂಡ ವಿಷಯಪಟ್ಟಿಯನ್ನು ನೋಡಿ. ಮೂರನೆಯದು ಇಟಲಿಯ ಬುದ್ಧಿಜೀವಿಗಳು, ಒಂಬತ್ತನೆಯದು ದಕ್ಷಿಣದ ಮತ್ತು ದ್ವೀಪಗಳ ಪ್ರಶ್ನೆ.